ದವಡೆಯ ಕೀಲಿನ ಸದ್ದು, ನೋವು ಮತ್ತು ಅದರ ಒಳರಚನೆ: ತಿಳಿದವರು ವಿವರಿಸಬೇಕೆಂದು ಕೋರಿಕೆ

ಶಿಂಷಾತೀರ, ಮದ್ದೂರು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ ಬಲಗಿವಿಯ ಮುಂಭಾಗದಲ್ಲಿ, ಬಾಯಿ ತೆರೆಯುವಾಗ ಒಂದು ಸಲ ಮತ್ತು ಮುಚ್ಚುವಾಗ ಇನ್ನೊಂದು ಸಲ, ಪಕ್ಕದಲ್ಲಿ ಕುಳಿತವರಿಗೂ ಕೇಳಿಸುವಷ್ಟು ಸ್ಪಷ್ಟವಾಗಿ ‘ಕಟಕ್’ ಎಂಬ ಸದ್ದು ಬರುತ್ತದೆ. ನೋವು ಇಲ್ಲ, ಊಟಕ್ಕೆ ತೊಂದರೆಯೂ ಇಲ್ಲ. ಬಾಯಿ ತೆರೆಯುವಾಗ ಗಲ್ಲ ಮೊದಲು ಬಲಕ್ಕೆ ಸರಿದು, ಸದ್ದು ಬಂದ ಮೇಲೆ ಮತ್ತೆ ನಡುಗೆರೆಗೆ ಬರುವುದನ್ನು ಕನ್ನಡಿಯಲ್ಲಿ ಕಂಡು ಅವಳಿಗೆ ಗಾಬರಿಯಾಗಿದೆ. ಒಬ್ಬ ವೈದ್ಯರು ಬೈಟ್, ಅಂದರೆ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಕೂಡುವ ರೀತಿ, ಸರಿಯಿಲ್ಲವೆಂದೂ ಕೆಲವು ಹಲ್ಲುಗಳನ್ನು ಉಜ್ಜಿ ತಗ್ಗಿಸಬೇಕೆಂದೂ ಹೇಳಿದರೆ, ಮತ್ತೊಬ್ಬರು ಏನನ್ನೂ ಮಾಡುವ ಅಗತ್ಯವಿಲ್ಲವೆಂದು ಕಳುಹಿಸಿಬಿಟ್ಟರು. ಯಾರ ಮಾತನ್ನು ನಂಬಬೇಕೆಂದು ತೀರ್ಮಾನಿಸುವ ಮೊದಲು ಆ ಕೀಲಿನೊಳಗೆ ಏನು ನಡೆಯುತ್ತಿದೆ ಎಂಬುದನ್ನು ತಿಳಿದುಕೊಳ್ಳುವ ಆಸೆ ನಮ್ಮದು. ಕನ್ನಡದಲ್ಲಿ ಇದರ ಬಗ್ಗೆ ಓದಲು ಸಿಕ್ಕಿದ್ದು ಬಹಳ ಕಡಿಮೆ.

ಅಸ್ಥಿಪಾಠ, ಮೈಸೂರು

ಶರೀರರಚನೆಯನ್ನು ಬಹುಕಾಲ ಪಾಠ ಮಾಡಿದವನಾದ್ದರಿಂದ ರಚನೆಯ ಮಟ್ಟಿಗೆ ನಾನು ಹೇಳುತ್ತೇನೆ. ಚಿಕಿತ್ಸೆಯ ವಿಷಯವನ್ನು ಇಲ್ಲಿರುವ ದಂತವೈದ್ಯರು ಹೇಳಲಿ.

ಮೊದಲು ಕೀಲನ್ನು ಕೈಯಿಂದಲೇ ಗುರುತಿಸಿಕೊಳ್ಳಿ. ಎರಡೂ ತೋರುಬೆರಳುಗಳನ್ನು ಕಿವಿಯ ರಂಧ್ರದ ಸ್ವಲ್ಪ ಮುಂದೆ ಇಟ್ಟುಕೊಂಡು ನಿಧಾನವಾಗಿ ಬಾಯಿ ತೆರೆದರೆ, ಬೆರಳಿನಡಿಯಲ್ಲಿ ಗಟ್ಟಿಯಾದ ಗುಂಡನೆಯ ಭಾಗವೊಂದು ಮೊದಲು ಇದ್ದಲ್ಲೇ ತಿರುಗಿ, ಆಮೇಲೆ ಮುಂದಕ್ಕೂ ಕೆಳಕ್ಕೂ ಜಾರುವುದು ತಿಳಿಯುತ್ತದೆ. ಅದು ಕೆಳದವಡೆಯ ಮೂಳೆಯ ಮೇಲ್ತುದಿಯಲ್ಲಿರುವ ತಲೆ, ಅಂದರೆ ಕಾಂಡೈಲ್. ಅಡ್ಡಲಾಗಿ ಅದು ಸುಮಾರು 15ರಿಂದ 20 ಮಿಲಿಮೀಟರ್ ಅಗಲವಿದ್ದರೆ, ಮುಂದಿನಿಂದ ಹಿಂದಕ್ಕೆ 8ರಿಂದ 10 ಮಿಲಿಮೀಟರ್ ಮಾತ್ರ ಇರುತ್ತದೆ. ಕಿರುಬೆರಳನ್ನು ಮೃದುವಾಗಿ ಕಿವಿಯೊಳಗೆ ಇಟ್ಟು ಬಾಯಿ ಆಡಿಸಿದರೂ ಅದರ ಓಡಾಟ ಅನುಭವಕ್ಕೆ ಬರುತ್ತದೆ, ಏಕೆಂದರೆ ಕಿವಿಯ ನಾಳದ ಮುಂಗೋಡೆಗೂ ಈ ಕೀಲಿಗೂ ನಡುವೆ ಇರುವ ಅಂತರ ಬಹಳ ಕಡಿಮೆ.

ಈ ತಲೆ ಕೂರುವ ಗುಳಿ ಕಣತಲೆಯ ಮೂಳೆಯಲ್ಲಿದೆ, ಮತ್ತು ಆ ಗುಳಿಯ ಮುಂದೆ ಇಳಿಜಾರಾದ ಒಂದು ದಿಬ್ಬವಿದೆ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಗಿಯುವ ಒತ್ತಡವೆಲ್ಲ ಗುಳಿಯ ಆಳದಲ್ಲಿ ಬೀಳುತ್ತದೆಂದು ಭಾವಿಸುತ್ತಾರೆ. ಒಣ ತಲೆಬುರುಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದ ಕೂಡಲೇ ಆ ಭಾವನೆ ಹೋಗುತ್ತದೆ: ಗುಳಿಯ ಚಾವಣಿಯ ಮೂಳೆ ಬೆಳಕು ಹಾಯುವಷ್ಟು ತೆಳುವಾಗಿದೆ, ಮತ್ತು ಅದರ ಆಚೆಗೆ ಇರುವುದು ಮಿದುಳು. ಭಾರ ಹೊರಲು ಸಿದ್ಧವಾಗಿರುವ ಜಾಗ ದಿಬ್ಬದ ಹಿಂಬದಿಯ ಇಳಿಜಾರು; ಅಲ್ಲಿ ಮೂಳೆ ದಪ್ಪವಾಗಿದೆ. ಕಾಂಡೈಲಿನ ಮುಂದಿನ ಮತ್ತು ಮೇಲಿನ ಮೈ ಆ ಇಳಿಜಾರಿಗೆ ಎದುರಾಗಿ ನಿಲ್ಲುತ್ತದೆ. ಮಂಡಿಯಲ್ಲಾಗಲಿ ಸೊಂಟದ ಕೀಲಿನಲ್ಲಾಗಲಿ ಮೂಳೆಯ ಮೈಗಳನ್ನು ಗಾಜಿನಂತೆ ನುಣುಪಾದ ಮೃದ್ವಸ್ಥಿ ಮುಚ್ಚಿರುತ್ತದೆ. ಇಲ್ಲಿ ಮಾತ್ರ ನಾರುಮಯವಾದ, ಸವೆತವನ್ನು ಹೆಚ್ಚು ತಡೆದುಕೊಳ್ಳುವ, ತಕ್ಕಮಟ್ಟಿಗೆ ತನ್ನನ್ನು ತಾನೇ ಸರಿಪಡಿಸಿಕೊಳ್ಳಬಲ್ಲ ಹೊದಿಕೆಯಿದೆ. ಈ ಒಂದು ವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಸದ್ದಿನ ವಿಷಯಕ್ಕೆ ಬರೋಣ. ಎರಡು ಮೂಳೆಗಳ ನಡುವೆ ನಾರಿನ ಬಿಲ್ಲೆಯೊಂದಿದೆ. ನೀರಿನ ಕೊಡ ಹೊರುವ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿ ಹೇಗೆ ಅಂಚಿನಲ್ಲಿ ದಪ್ಪವಾಗಿ, ನಡುವೆ ತಗ್ಗಾಗಿ, ಕೊಡದ ತಳ ಜಾರದಂತೆ ಹಿಡಿಯುತ್ತದೆಯೋ ಹಾಗೆಯೇ ಈ ಬಿಲ್ಲೆಯೂ ಕಾಂಡೈಲಿನ ತಲೆಯ ಮೇಲೆ ಕೂರುತ್ತದೆ. ಅದರ ಹಿಂದಿನ ಅಂಚು ಎಲ್ಲಕ್ಕಿಂತ ದಪ್ಪ, ಮುಂದಿನ ಅಂಚು ಅದಕ್ಕಿಂತ ಕಡಿಮೆ, ನಡುಭಾಗ ಎಲ್ಲಕ್ಕಿಂತ ತೆಳು. ಒತ್ತಡ ಬೀಳುವ ಆ ನಡುಭಾಗದಲ್ಲಿ ರಕ್ತನಾಳವೂ ಇಲ್ಲ, ನರವೂ ಇಲ್ಲ. ಬಿಲ್ಲೆಯ ಹಿಂದೆ ಮಾತ್ರ ರಕ್ತನಾಳಗಳೂ ನರಗಳೂ ದಟ್ಟವಾಗಿರುವ ಮೆತ್ತನೆಯ ಅಂಗಾಂಶವೊಂದು ಬಿಲ್ಲೆಯನ್ನು ಹಿಂಭಾಗದ ಮೂಳೆಗೆ ಜೋಡಿಸುತ್ತದೆ.

ಬಿಲ್ಲೆಯ ದೆಸೆಯಿಂದ ಒಂದೇ ಕೀಲು ಎರಡು ಕೋಣೆಗಳಾಗುತ್ತದೆ. ಕೆಳಗಿನ ಕೋಣೆಯಲ್ಲಿ ಕಾಂಡೈಲ್ ಬಿಲ್ಲೆಯ ಅಡಿಯಲ್ಲಿ ತಿರುಗುತ್ತದೆ; ಮೇಲಿನ ಕೋಣೆಯಲ್ಲಿ ಬಿಲ್ಲೆ ಮತ್ತು ಕಾಂಡೈಲ್ ಎರಡೂ ಕೂಡಿ ದಿಬ್ಬದ ಇಳಿಜಾರಿನಲ್ಲಿ ಮುಂದಕ್ಕೆ ಜಾರುತ್ತವೆ. ಬಾಯಿ ತೆರೆಯುವ ಮೊದಲ 20ರಿಂದ 25 ಮಿಲಿಮೀಟರ್ ಬಹುಮಟ್ಟಿಗೆ ತಿರುಗುವಿಕೆಯಿಂದ ಆಗುತ್ತದೆ. ಅದರಾಚೆಗೆ, ಮುಂಬಲ್ಲುಗಳ ನಡುವೆ 40ರಿಂದ 55 ಮಿಲಿಮೀಟರ್ ಅಂತರ ಬರುವವರೆಗೆ ಬಾಯಿ ತೆರೆಯಬೇಕಾದರೆ ಜಾರುವಿಕೆ ಕೂಡಲೇಬೇಕು.

ಕೆಲವರಲ್ಲಿ ಬಿಲ್ಲೆ ತನ್ನ ಜಾಗ ಬಿಟ್ಟು ಮುಂದಕ್ಕೆ, ಹೆಚ್ಚಾಗಿ ಮುಂದಕ್ಕೂ ಒಳಬದಿಗೂ, ಸರಿದುಕೊಂಡಿರುತ್ತದೆ. ಬಾಯಿ ತೆರೆಯುವಾಗ ಕಾಂಡೈಲ್ ಬಿಲ್ಲೆಯ ದಪ್ಪನೆಯ ಹಿಂದಿನ ಅಂಚಿಗೆ ಬಂದು ತಡೆದು, ಅದನ್ನು ದಾಟಿ ನಡುವಿನ ತಗ್ಗಿಗೆ ಸೇರುವ ಕ್ಷಣದಲ್ಲಿ ‘ಕಟಕ್’ ಎನ್ನುತ್ತದೆ. ಮುಚ್ಚುವಾಗ, ಬಾಯಿ ಇನ್ನೇನು ಪೂರ್ತಿ ಮುಚ್ಚಬೇಕು ಎನ್ನುವಷ್ಟರಲ್ಲಿ, ಬಿಲ್ಲೆ ಮತ್ತೆ ಮುಂದಕ್ಕೆ ತಪ್ಪಿಸಿಕೊಂಡು ಎರಡನೆಯ ಸದ್ದು ಬರುತ್ತದೆ; ಇದು ಸಾಮಾನ್ಯವಾಗಿ ಮೊದಲಿನದಕ್ಕಿಂತ ಮೆಲ್ಲಗಿರುತ್ತದೆ. ತಡೆ ಇರುವ ತನಕ ಬಲಗಡೆಯ ಕಾಂಡೈಲ್ ಹಿಂದೆ ಉಳಿಯುವುದರಿಂದ ಗಲ್ಲ ಬಲಕ್ಕೆ ವಾಲುತ್ತದೆ, ತಡೆ ಕಳೆದ ಮೇಲೆ ನಡುವಿಗೆ ಬರುತ್ತದೆ. ನಿಮ್ಮ ತಂಗಿಯ ಲಕ್ಷಣ ಈ ವಿವರಣೆಗೆ ಸರಿಯಾಗಿ ಹೊಂದುತ್ತದೆ.

ಮೈಸೂರಿನ ದಂತವೈದ್ಯೆ

ಮೇಲಿನ ವಿವರಣೆಯ ನಂತರ ಚಿಕಿತ್ಸೆಯ ಮಾತು ಸುಲಭವಾಗುತ್ತದೆ. ನೋವಿಲ್ಲದ, ಬಾಯಿ ಪೂರ್ತಿ ತೆರೆಯಬಲ್ಲ ವ್ಯಕ್ತಿಯಲ್ಲಿ ಕೇವಲ ಸದ್ದಿದ್ದರೆ ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಯಾವ ತೊಂದರೆಯೂ ಇಲ್ಲದ ಸ್ವಯಂಸೇವಕರ ಕೀಲುಗಳನ್ನು ಎಂ.ಆರ್.ಐ. ಮಾಡಿ ನೋಡಿದ ಅಧ್ಯಯನಗಳಲ್ಲಿ ಸುಮಾರು ಮೂರನೆಯ ಒಂದು ಭಾಗದ ಜನರಲ್ಲಿ ಬಿಲ್ಲೆ ಸರಿದಿರುವುದು ಕಂಡುಬಂದಿದೆ. ಆದ್ದರಿಂದ ಬಿಲ್ಲೆ ಸರಿದಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ರೋಗ ಎನ್ನಲಾಗದು.

ಹಲ್ಲುಗಳನ್ನು ಉಜ್ಜಿ ತಗ್ಗಿಸುವ ಸಲಹೆಯನ್ನು ನಾನು ಒಪ್ಪುವುದಿಲ್ಲ, ಮತ್ತು ಇದನ್ನು ಸ್ಪಷ್ಟವಾಗಿಯೇ ಹೇಳಬೇಕೆಂದು ನನಗನ್ನಿಸುತ್ತದೆ. ಒಮ್ಮೆ ತೆಗೆದ ಎನಾಮಲ್, ಅಂದರೆ ಹಲ್ಲಿನ ಹೊರಪದರ, ಮತ್ತೆ ಬೆಳೆಯುವುದಿಲ್ಲ. ಹಿಂದಕ್ಕೆ ಪಡೆಯಲಾಗದ ಇಂತಹ ಚಿಕಿತ್ಸೆಯನ್ನು ನೋವೇ ಇಲ್ಲದ ಕೀಲಿಗೆ ಮಾಡಬಾರದು.

ಕುಕ್ಕರಹಳ್ಳಿ ದಾರಿ

ದಂತವೈದ್ಯೆಯವರ ಮಾತಿಗೆ ನನ್ನದೊಂದು ಆಕ್ಷೇಪವಿದೆ. ನಾನು ವೈದ್ಯನಲ್ಲ, ಆದರೆ ಈ ನೋವನ್ನು ಅನುಭವಿಸಿದವನು. ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡದಿದ್ದರೆ ದವಡೆ ಬೇರೆ ದಾರಿ ಹುಡುಕಿಕೊಳ್ಳಬೇಕಾಗುತ್ತದೆ, ಕೀಲಿನ ಮೇಲೆ ಒತ್ತಡ ಬೀಳುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆಗೂ ಒಪ್ಪುವ ಮಾತಲ್ಲವೇ? ಹಾಗಿದ್ದಲ್ಲಿ ಬೈಟ್ ಸರಿಪಡಿಸುವುದನ್ನು ಮೂಲಕ್ಕೇ ಮಾಡುವ ಚಿಕಿತ್ಸೆ ಎನ್ನಬೇಕಲ್ಲವೇ?

ಮೈಸೂರಿನ ದಂತವೈದ್ಯೆ

ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಮತ್ತು ನಮ್ಮ ವೃತ್ತಿಯೇ ಬಹುಕಾಲ ಹಾಗೆ ನಂಬಿತ್ತು. 1934ರಲ್ಲಿ ಅಮೆರಿಕದ ಸೇಂಟ್ ಲೂಯಿಯ ಕಿವಿ–ಮೂಗು–ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ ಅವರು, ಹಿಂದಿನ ಹಲ್ಲುಗಳನ್ನು ಕಳೆದುಕೊಂಡವರಲ್ಲಿ ಕಾಂಡೈಲ್ ಹಿಂದಕ್ಕೆ ಸರಿದು ನರವನ್ನು ಒತ್ತುವುದರಿಂದ ಕಿವಿನೋವು, ಕಿವಿಯಲ್ಲಿ ಮೊರೆತ, ತಲೆಸುತ್ತು ಬರುತ್ತವೆಂದು ಬರೆದರು. ಕಿವಿಯ ಲಕ್ಷಣಗಳನ್ನು ದವಡೆಯ ಕೀಲಿಗೆ ಜೋಡಿಸಿ ನೋಡಿದ್ದು ಅವರ ದೊಡ್ಡ ಕೊಡುಗೆ; ಆದರೆ ಅವರು ಕೊಟ್ಟ ಕಾರಣ ಅಂಗರಚನೆಯ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅನಂತರದ ದಶಕಗಳಲ್ಲಿ ಬೈಟ್ ಸಿದ್ಧಾಂತ ಬೇರೆ ಬೇರೆ ರೂಪದಲ್ಲಿ ಮುಂದುವರಿಯಿತು. ಹಲ್ಲುಗಳು ಬಹಳ ವಕ್ರವಾಗಿದ್ದೂ ಕೀಲಿನ ನೋವೇ ಇಲ್ಲದವರು, ಮತ್ತು ಹಲ್ಲುಗಳು ಅಚ್ಚುಕಟ್ಟಾಗಿದ್ದೂ ತೀವ್ರ ನೋವಿರುವವರು, ಎರಡೂ ಬಗೆಯ ಜನರು ಹೇರಳವಾಗಿ ಸಿಗುವುದರಿಂದ ಆ ಸಿದ್ಧಾಂತ ದುರ್ಬಲವಾಯಿತು. ಇಂದು ಸ್ನಾಯುಗಳ ಬಿಗಿತ, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಹಳೆಯ ಪೆಟ್ಟು, ನಿದ್ರಾಹೀನತೆ, ಮನಸ್ಸಿನ ಒತ್ತಡ, ದೇಹದ ಬೇರೆಡೆಯ ದೀರ್ಘಕಾಲದ ನೋವು ಇವೆಲ್ಲ ಸೇರಿ ನೋವು ಹುಟ್ಟುತ್ತದೆಂದು ತಿಳಿಯಲಾಗಿದೆ. ತೊಂದರೆ ಹೆಚ್ಚಾಗಿ 20ರಿಂದ 40 ವರ್ಷದೊಳಗಿನವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ ಕಾಣಿಸುತ್ತದೆ.

ಇನ್ನೊಂದು ಸಂಗತಿ. ಊಟ ಮಾಡುವಾಗ ಮತ್ತು ನುಂಗುವಾಗ ಹೊರತು ಮೇಲಿನ, ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಬೇಕಾದ ಅಗತ್ಯವೇ ಇಲ್ಲ. ವಿಶ್ರಾಂತಿಯಲ್ಲಿರುವ ದವಡೆಯಲ್ಲಿ ಅವುಗಳ ನಡುವೆ 2ರಿಂದ 4 ಮಿಲಿಮೀಟರ್ ತೆರಪಿರುತ್ತದೆ. ಪರೀಕ್ಷೆಗೆ ಓದುವಾಗ, ವಾಹನ ಓಡಿಸುವಾಗ, ಮೊಬೈಲ್ ನೋಡುವಾಗ ಹಲ್ಲು ಕಚ್ಚಿಕೊಂಡೇ ಇರುವ ಅಭ್ಯಾಸ ಬಹಳ ಜನರಿಗಿದೆ, ಮತ್ತು ಅದು ಅವರಿಗೆ ತಿಳಿದಿರುವುದಿಲ್ಲ. ‘ನ’ ಎಂದು ಉಚ್ಚರಿಸಲು ನಾಲಿಗೆಯ ತುದಿಯನ್ನು ಮೇಲಿಟ್ಟು, ತುಟಿ ಮುಚ್ಚಿ, ಹಲ್ಲುಗಳನ್ನು ಬಿಡಿಸಿ ಇಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡರೆ ಅನೇಕರಿಗೆ ಅಷ್ಟರಿಂದಲೇ ನೋವು ಇಳಿಯುತ್ತದೆ.

ಕುಕ್ಕರಹಳ್ಳಿ ದಾರಿ

ವಿವರಣೆಗೆ ಧನ್ಯವಾದಗಳು. ನನಗೆ ನೋವು ಬಂದಾಗ ಅದನ್ನು ಕಿವಿನೋವೆಂದೇ ತಿಳಿದು ಕಿವಿಗೆ ಔಷಧಿ ಹಾಕಿಸಿಕೊಂಡಿದ್ದೆ. ಕಿವಿಯ ಪರೀಕ್ಷೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ಕಾಸ್ಟೆನ್ ಅವರ ಕಾರಣ ತಪ್ಪೆಂದಾದರೆ ಕೀಲಿನ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುವುದು ಹೇಗೆ?

ಅಸ್ಥಿಪಾಠ, ಮೈಸೂರು

ನರದ ಹಂಚಿಕೆಯಿಂದ. ಐದನೆಯ ಮಸ್ತಿಷ್ಕ ನರದ ಮೂರನೆಯ ಕವಲಿನಿಂದ ಹೊರಡುವ ಆರಿಕ್ಯುಲೋ–ಟೆಂಪೊರಲ್ ನರವು ಕಾಂಡೈಲಿನ ಕುತ್ತಿಗೆಯ ಹಿಂದೆ ಸುತ್ತಿಕೊಂಡು ಮೇಲಕ್ಕೇರುವಾಗ ಕೀಲಿಗೆ ಬಹುಪಾಲು ಸಂವೇದನೆಯನ್ನು ಒದಗಿಸುತ್ತದೆ. ಕಿವಿಯ ಮುಂಭಾಗದ ಚರ್ಮಕ್ಕೂ ಕಿವಿನಾಳದ ಮುಂಗೋಡೆಗೂ ತಮಟೆಯ ಹೊರಮೈಯ ಒಂದು ಭಾಗಕ್ಕೂ ಕಣತಲೆಯ ಚರ್ಮಕ್ಕೂ ಇದೇ ನರದ ಕವಲುಗಳು ಹೋಗುತ್ತವೆ. ಆದ್ದರಿಂದ ಕೀಲಿನ ನೋವನ್ನು ಮಿದುಳು ಕಿವಿಯದೆಂದೋ ಕಣತಲೆಯದೆಂದೋ ಗ್ರಹಿಸುವುದು ಸಹಜ. ಕೆನ್ನೆಯ ಮ್ಯಾಸೆಟರ್ ಸ್ನಾಯುವಿಗೆ ಹೋಗುವ ನರವೂ ಕಣತಲೆಯ ಟೆಂಪೊರಾಲಿಸ್ ಸ್ನಾಯುವಿಗೆ ಹೋಗುವ ಆಳದ ನರಗಳೂ ಕೀಲಿಗೆ ಸಣ್ಣ ಕವಲುಗಳನ್ನು ಕೊಡುತ್ತವೆ. ಕೀಲನ್ನು ಆಡಿಸುವ ಸ್ನಾಯುಗಳ ನರಗಳೇ ಆ ಕೀಲಿಗೂ ಸಂವೇದನೆ ನೀಡುತ್ತವೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಹಿಲ್ಟನ್ ಹೇಳಿದ ನಿಯಮಕ್ಕೆ ಇದು ಒಳ್ಳೆಯ ಉದಾಹರಣೆ.

ಪಾಂಡವಪುರದ ಕಬ್ಬು ಬೆಳೆಗಾರ

ನಮ್ಮಲ್ಲಿ ಚಿಕ್ಕವರಿಂದ ಮೊದಲುಗೊಂಡು ಎಲ್ಲರೂ ಕಬ್ಬನ್ನು ಹಲ್ಲಿನಿಂದಲೇ ಸಿಗಿದು ತಿನ್ನುತ್ತಾರೆ. ಸಂಕ್ರಾಂತಿಯ ಹೊತ್ತಿನಲ್ಲಂತೂ ಕೇಳುವುದೇ ಬೇಡ. ಹಾಗೆ ತಿಂದ ಮಾರನೆಯ ದಿನ ಕೆನ್ನೆಯಲ್ಲಿ, ಕಿವಿಯ ಮುಂದೆ ನೋವು ಬರುವುದನ್ನು ಬಹಳ ಜನ ಹೇಳುತ್ತಾರೆ. ಇದು ಕೀಲಿನ ನೋವೋ ಸ್ನಾಯುವಿನ ನೋವೋ? ಒಂದೇ ಕಡೆ ಅಗಿಯುವುದರಿಂದ ಆ ಕಡೆಯ ಕೀಲು ಸವೆಯುತ್ತದೆ ಎಂಬ ಮಾತು ನಿಜವೋ?

ಅಸ್ಥಿಪಾಠ, ಮೈಸೂರು

ಎರಡು ಪ್ರಶ್ನೆಗಳಿಗೂ ಉತ್ತರಿಸಲು ಕೆಳದವಡೆ ಒಂದೇ ಮೂಳೆ ಎಂಬುದರಿಂದ ಆರಂಭಿಸಬೇಕು. ಪ್ರಾಚೀನ ವೈದ್ಯ ಗ್ಯಾಲೆನ್ ಪ್ರಾಣಿಗಳ ದೇಹವನ್ನು ನೋಡಿ ಮನುಷ್ಯನ ಕೆಳದವಡೆಯೂ ಎರಡು ಮೂಳೆಗಳಿಂದಾಗಿದೆಯೆಂದು ಬರೆದಿದ್ದ. 1543ರಲ್ಲಿ ವೆಸೇಲಿಯಸ್ ಬಂದು ಅದು ಒಂದೇ ಮೂಳೆಯೆಂದು ತೋರಿಸುವವರೆಗೆ ಆ ಮಾತೇ ನಡೆಯಿತು. ಒಂದೇ ಮೂಳೆಯ ಎರಡು ತುದಿಗಳಲ್ಲಿ ಎರಡು ಕೀಲುಗಳಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಆಡಿಸಲಾಗದು. ಬಲಗಡೆ ಅಗಿಯುವಾಗ ಬಲಗಡೆಯ ಕಾಂಡೈಲ್ ಹೆಚ್ಚುಕಡಿಮೆ ಇದ್ದಲ್ಲೇ ತಿರುಗುತ್ತದೆ, ಎಡಗಡೆಯದು ಮುಂದಕ್ಕೆ, ಕೆಳಕ್ಕೆ ಮತ್ತು ಒಳಕ್ಕೆ ಜಾರುತ್ತದೆ. ದವಡೆಹಲ್ಲಿನಲ್ಲಿ ಬಲವಾಗಿ ಕಚ್ಚುವಾಗ ಅಗಿಯುವ ಬದಿಗಿಂತ ಎದುರು ಬದಿಯ ಕೀಲಿನ ಮೇಲೇ ಸಾಮಾನ್ಯವಾಗಿ ಹೆಚ್ಚು ಹೊರೆ ಬೀಳುತ್ತದೆ, ಏಕೆಂದರೆ ಅಗಿಯುವ ಬದಿಯಲ್ಲಿ ಸ್ನಾಯುಬಲದ ದೊಡ್ಡ ಪಾಲನ್ನು ಹಲ್ಲಿನ ನಡುವಿನ ಆಹಾರವೇ ತಡೆದುಕೊಳ್ಳುತ್ತದೆ. ಹೀಗಾಗಿ ‘ಅಗಿಯುವ ಕಡೆಯ ಕೀಲೇ ಸವೆಯುತ್ತದೆ’ ಎಂಬ ಮಾತನ್ನು ಹಾಗೆಯೇ ಒಪ್ಪಲು ಬರುವುದಿಲ್ಲ.

ಕಬ್ಬು ಸಿಗಿಯುವಾಗ ಬಾಯಿ ಅಗಲವಾಗಿ ತೆರೆದಿರುತ್ತದೆ, ಕಾಂಡೈಲ್ ದಿಬ್ಬದ ಮೇಲೆ ಬಂದು ನಿಂತಿರುತ್ತದೆ, ಆ ಸ್ಥಿತಿಯಲ್ಲಿ ಮುಂಬಲ್ಲುಗಳಿಂದ ಬಲವಾಗಿ ಕಚ್ಚಿ ಎಳೆಯಲಾಗುತ್ತದೆ. ಸನ್ನೆಕೋಲಿನ ಲೆಕ್ಕದಲ್ಲಿ ಮುಂಬಲ್ಲು ಕೀಲಿನಿಂದ ಅತ್ಯಂತ ದೂರದಲ್ಲಿದೆ, ಸ್ನಾಯುಗಳು ಕೀಲಿನ ಸಮೀಪದಲ್ಲಿವೆ; ಆದ್ದರಿಂದ ಮುಂಬಲ್ಲಿನಲ್ಲಿ ಅಷ್ಟೇ ಬಲ ಬರಬೇಕಾದರೆ ಸ್ನಾಯುಗಳು ಹೆಚ್ಚು ದುಡಿಯಬೇಕು, ಕೀಲೂ ಹೆಚ್ಚು ಒತ್ತಡ ತಾಳಬೇಕು. ಮಾರನೆಯ ದಿನದ ನೋವು ಬಹುಮಟ್ಟಿಗೆ ಸ್ನಾಯುವಿನದು. ಕೆನ್ನೆಯ ಮೇಲೆ ಕೈಯಿಟ್ಟು ಹಲ್ಲು ಕಚ್ಚಿದಾಗ ಉಬ್ಬುವ ಮ್ಯಾಸೆಟರ್, ಕಣತಲೆಯಲ್ಲಿ ಬೀಸಣಿಗೆಯ ಆಕಾರದಲ್ಲಿ ಹರಡಿರುವ ಟೆಂಪೊರಾಲಿಸ್, ದವಡೆಯ ಒಳಮೈಗೆ ಅಂಟಿರುವ ಮೀಡಿಯಲ್ ಟೆರಿಗಾಯ್ಡ್ ಈ ಮೂರು ಬಾಯಿ ಮುಚ್ಚುವ ಸ್ನಾಯುಗಳು. ಕಾಂಡೈಲನ್ನು ಮುಂದಕ್ಕೆಳೆದು ಬಾಯಿ ತೆರೆಯಿಸುವುದು ಮುಖ್ಯವಾಗಿ ಲ್ಯಾಟರಲ್ ಟೆರಿಗಾಯ್ಡ್. ಗಲ್ಲದ ಅಡಿಯ ಸ್ನಾಯುಗಳು ಅದಕ್ಕೆ ನೆರವಾಗುತ್ತವೆ. ಲ್ಯಾಟರಲ್ ಟೆರಿಗಾಯ್ಡಿನ ಮೇಲಿನ ಭಾಗದ ಕೆಲವು ಎಳೆಗಳು ಬಿಲ್ಲೆಗೇ ಸೇರುವುದರಿಂದ ಬಿಲ್ಲೆಯ ನೆಲೆಗೂ ಈ ಸ್ನಾಯುವಿಗೂ ಸಂಬಂಧವಿದೆ.

ಮೈಸೂರಿನ ದಂತವೈದ್ಯೆ

ಕಬ್ಬನ್ನು ಬಿಡಬೇಕಾಗಿಲ್ಲ, ಮಚ್ಚಿನಿಂದ ಸಿಪ್ಪೆ ತೆಗೆದು, ಸಣ್ಣ ತುಂಡು ಮಾಡಿ, ಹಿಂದಿನ ಹಲ್ಲಿನಲ್ಲಿ ಅಗಿದರೆ ಸಾಕು. ಆದರೆ ಕೀಲಿನಲ್ಲಿ ನೋವಿರುವಾಗ ಕೆಲವು ವಾರ ಕಬ್ಬು, ಹುರಿಗಡಲೆ, ಕೋಡುಬಳೆ, ಒಣಕೊಬ್ಬರಿಯಂತಹವನ್ನು ದೂರವಿಡಬೇಕು. ಈ ವಿಷಯದಲ್ಲಿ ಮಂಡ್ಯ ಸೀಮೆಯ ಊಟ ರೋಗಿಗಳಿಗೆ ಬಹಳ ಅನುಕೂಲಕರ: ರಾಗಿಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ನುಂಗುವುದೇ ಹೊರತು ಅಗಿಯುವುದಿಲ್ಲ. ಮೆತ್ತಗಿನ ಆಹಾರವೆಂದರೆ ಗಂಜಿ ಮತ್ತು ಬ್ರೆಡ್ಡೆಂದು ಭಾವಿಸಿ ಸೊರಗುವವರಿಗೆ ನಾನು ಮುದ್ದೆಯನ್ನೇ ಹೇಳುತ್ತೇನೆ.

ಸರಸ್ವತಿಪುರಂ ಸಂಗೀತ ವಿದ್ಯಾರ್ಥಿನಿ

ಹಾಡುವವರಿಗೆ ಇದರಿಂದ ತೊಂದರೆ ಉಂಟೇ ಎಂದು ತಿಳಿಯಬೇಕಿತ್ತು. ಅಕಾರ ಸಾಧನೆಯನ್ನು ಬೆಳಗಿನಲ್ಲಿ ದೀರ್ಘಕಾಲ ಮಾಡಿದ ಮೇಲೆ ನನಗೆ ಕಿವಿಯ ಮುಂದೆ ದಣಿವೆನಿಸುತ್ತದೆ. ಪಿಟೀಲು ನುಡಿಸುವವರಿಗೂ ಈ ನೋವು ಬರುತ್ತದೆಂದು ಓದಿದ್ದೇನೆ.

ಮೈಸೂರಿನ ದಂತವೈದ್ಯೆ

ಪಿಟೀಲಿನ ಮಾತು ಪಾಶ್ಚಾತ್ಯ ಶೈಲಿಯವರಿಗೆ ಹೆಚ್ಚು ಅನ್ವಯಿಸುತ್ತದೆ. ಅವರು ವಾದ್ಯವನ್ನು ದವಡೆಯ ಎಡಬದಿ ಮತ್ತು ಭುಜದ ನಡುವೆ ಒತ್ತಿ ಹಿಡಿಯುತ್ತಾರೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಕುಳಿತು, ವಾದ್ಯದ ತಲೆಯನ್ನು ಪಾದಕ್ಕೆ ಆನಿಸಿ ನುಡಿಸುವುದರಿಂದ ದವಡೆಗೆ ಆ ಒತ್ತಡವಿಲ್ಲ. ಹಾಡುಗಾರಿಕೆಯಲ್ಲಿ ಅಕಾರಕ್ಕೆ ಬಾಯಿಯನ್ನು ಪೂರ್ತಿ ಎಲ್ಲೆಯವರೆಗೆ ತೆರೆಯುವ ಅಗತ್ಯವಿಲ್ಲ. ತಿರುಗುವಿಕೆಯಷ್ಟರಲ್ಲಿ ದೊರೆಯುವ ತೆರಪಿನಲ್ಲಿಯೇ ಬಹುಪಾಲು ಸಾಧನೆ ನಡೆಯಬಹುದು. ನಡುವೆ ಬಿಡುವು ಕೊಡಿ. ದಣಿವು ನೋವಾಗಿ ಉಳಿದುಕೊಂಡರೆ ಪರೀಕ್ಷೆ ಮಾಡಿಸಿ.

ಶ್ರೀರಂಗಪಟ್ಟಣದ ಜೀವಶಾಸ್ತ್ರ ಮೇಷ್ಟರು

ಕಿವಿಗೂ ಈ ಕೀಲಿಗೂ ಇರುವ ಸಂಬಂಧ ನರಕ್ಕಿಂತ ಬಹಳ ಹಳೆಯದು ಎಂಬುದನ್ನು ಇಲ್ಲಿ ಸೇರಿಸಬೇಕೆನಿಸಿತು. ಶರೀರಶಾಸ್ತ್ರದಲ್ಲಿ ಇದಕ್ಕಿಂತ ಸುಂದರವಾದ ವಿಷಯ ನನಗೆ ಬೇರೊಂದು ತಿಳಿಯದು. ಹಲ್ಲಿ, ಮೊಸಳೆ, ಹಕ್ಕಿಗಳಲ್ಲಿ ದವಡೆಯ ಕೀಲು ಕ್ವಾಡ್ರೇಟ್ ಮತ್ತು ಆರ್ಟಿಕ್ಯುಲರ್ ಎಂಬ ಎರಡು ಮೂಳೆಗಳ ನಡುವೆ ಇದೆ. ಸಸ್ತನಿಗಳಲ್ಲಿ ಆ ಎರಡು ಮೂಳೆಗಳು ದವಡೆಯನ್ನು ಬಿಟ್ಟು ನಡುಗಿವಿಯನ್ನು ಸೇರಿ, ಕ್ವಾಡ್ರೇಟ್ ಇಂಕಸ್ ಆಗಿ, ಆರ್ಟಿಕ್ಯುಲರ್ ಮ್ಯಾಲಿಯಸ್ ಆಗಿ, ಶಬ್ದವನ್ನು ಒಳಗಿವಿಗೆ ಸಾಗಿಸುವ ಕೆಲಸಕ್ಕೆ ನಿಂತಿವೆ. ದವಡೆಗೆ ಬೇರೆ ಎರಡು ಮೂಳೆಗಳ ನಡುವೆ ಹೊಸ ಕೀಲು ಹುಟ್ಟಿತು; ನಾವು ಇಲ್ಲಿ ಚರ್ಚಿಸುತ್ತಿರುವುದು ಆ ಹೊಸ ಕೀಲನ್ನು. ಭ್ರೂಣಗಳನ್ನು ಪರೀಕ್ಷಿಸಿ ಈ ಸಂಬಂಧವನ್ನು 1837ರಲ್ಲಿ ಜರ್ಮನಿಯ ರೈಖರ್ಟ್ ಕಂಡುಕೊಂಡರು. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದಿನ ಮಾರ್ಗನುಕೊಡಾನ್ ಎಂಬ ಪುಟ್ಟ ಪ್ರಾಣಿಯ ಪಳೆಯುಳಿಕೆಯಲ್ಲಿ ಹಳೆಯ ಕೀಲು ಮತ್ತು ಹೊಸ ಕೀಲು ಎರಡೂ ಅಕ್ಕಪಕ್ಕದಲ್ಲಿ ಕಾಣಿಸುತ್ತವೆ.

ಮನುಷ್ಯನ ಭ್ರೂಣದಲ್ಲಿಯೂ ಇದರ ಗುರುತು ಇದೆ. ಭ್ರೂಣದ ಕತ್ತಿನ ಬಳಿ ಮೂಡುವ ಕಮಾನುಗಳಲ್ಲಿ ಮೊದಲನೆಯದಾದ ಕಿವಿರುಕಮಾನಿನ ಮೆಕೆಲ್ ಎಂಬ ಮೃದ್ವಸ್ಥಿಯ ಹಿಂದಿನ ತುದಿಯಿಂದ ಕಿವಿಯ ಆ ಮೂಳೆಗಳು ರೂಪುಗೊಳ್ಳುತ್ತವೆ, ಅದರ ಹೊರಬದಿಯಲ್ಲಿ ಕೆಳದವಡೆಯ ಮೂಳೆ ಬೆಳೆಯುತ್ತದೆ. ಕೀಲಿನ ಒಳಬದಿಯಲ್ಲಿರುವ ಸ್ಫೀನೊ–ಮ್ಯಾಂಡಿಬ್ಯುಲರ್ ಅಸ್ಥಿರಜ್ಜು ಆ ಮೃದ್ವಸ್ಥಿಯ ಉಳಿಕೆ. ಹುಟ್ಟಿದ ಮಗುವಿನಲ್ಲಿ ಗುಳಿ ಹೆಚ್ಚುಕಡಿಮೆ ಚಪ್ಪಟೆಯಾಗಿದ್ದು, ಹಲ್ಲು ಬಂದು ಅಗಿಯಲು ಆರಂಭಿಸಿದ ಮೇಲೆಯೇ ದಿಬ್ಬ ಎದ್ದುಕೊಳ್ಳುತ್ತದೆ.

ನಾಗಮಂಗಲದ ಶುಶ್ರೂಷಕಿ

ತುರ್ತು ವಿಭಾಗದಲ್ಲಿ ಕೆಲಸ ಮಾಡಿದ ಅನುಭವದಿಂದ ನಾಲ್ಕು ಮಾತು ಹೇಳಬೇಕು, ಏಕೆಂದರೆ ಬಾಯಿ ತೆರೆಯಲಾಗದೆ ಅಥವಾ ಮುಚ್ಚಲಾಗದೆ ಬರುವವರೆಲ್ಲರೂ ಬಿಲ್ಲೆಯ ತೊಂದರೆಯವರಲ್ಲ.

ದೊಡ್ಡದಾಗಿ ಆಕಳಿಸಿದಾಗ ಅಥವಾ ಹಲ್ಲು ಕೀಳಿಸಿಕೊಳ್ಳಲು ಬಹಳ ಹೊತ್ತು ಬಾಯಿ ತೆರೆದುಕೊಂಡಿದ್ದಾಗ ಕಾಂಡೈಲ್ ದಿಬ್ಬವನ್ನು ದಾಟಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ಬಾಯಿ ತೆರೆದದ್ದು ಮುಚ್ಚುವುದಿಲ್ಲ, ಜೊಲ್ಲು ಸುರಿಯುತ್ತದೆ, ಮಾತು ಬರುವುದಿಲ್ಲ. ಹಳ್ಳಿಗಳಲ್ಲಿ ಕೆನ್ನೆಗೆ ಹೊಡೆದೋ ಗಲ್ಲವನ್ನು ಮೇಲಕ್ಕೆ ತಳ್ಳಿಯೋ ಸರಿಪಡಿಸಲು ನೋಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಿಕ್ಕಿಕೊಂಡ ಕಾಂಡೈಲ್ ಮೊದಲು ಕೆಳಕ್ಕಿಳಿದು, ಆಮೇಲೆ ಹಿಂದಕ್ಕೆ ಹೋಗಬೇಕು; ಮೇಲಕ್ಕೆ ತಳ್ಳಿದರೆ ಬಿಗಿದುಕೊಂಡ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಕೆಳದವಡೆಯ ಹಿಂಭಾಗವನ್ನು ಕೆಳಕ್ಕೊತ್ತಿ ಹಿಂದಕ್ಕೆ ಸರಿಸುತ್ತಾರೆ. ಕ್ರಿಸ್ತಪೂರ್ವ 1600ರ ಸುಮಾರಿನ ಈಜಿಪ್ಟಿನ ಪಪೈರಸ್ ಒಂದರಲ್ಲಿ ಹೆಚ್ಚುಕಡಿಮೆ ಇದೇ ವಿಧಾನ ಬರೆದಿದೆಯೆಂದು ನಮಗೆ ಪಾಠದಲ್ಲಿ ಹೇಳಿದ್ದರು.

ಎರಡನೆಯದು ಗಲ್ಲಕ್ಕೆ ಪೆಟ್ಟು. ಸೈಕಲ್ಲಿನಿಂದಲೋ ಮೆಟ್ಟಿಲಿನಿಂದಲೋ ಬಿದ್ದ ಮಕ್ಕಳಿಗೆ ಗಲ್ಲಕ್ಕೆ ಹೊಲಿಗೆ ಹಾಕಿಸಿ ಮನೆಗೆ ಕರೆದುಕೊಂಡು ಹೋಗಿಬಿಡುತ್ತಾರೆ, ಕಿವಿಯ ಮುಂದೆ ಯಾರೂ ಮುಟ್ಟಿ ನೋಡುವುದಿಲ್ಲ. ಗಲ್ಲದ ಮೇಲೆ ಬಿದ್ದ ಪೆಟ್ಟು ದವಡೆಯುದ್ದಕ್ಕೂ ಸಾಗಿ ಕಾಂಡೈಲಿನ ಸಣ್ಣ ಕುತ್ತಿಗೆಯನ್ನು ಮುರಿಯಬಹುದು. ಮಕ್ಕಳಲ್ಲಿ ಅದನ್ನು ಗಮನಿಸದೆ ಬಿಟ್ಟರೆ ಮುಂದೆ ಮೂಳೆ ಮೂಳೆಗೆ ಬೆಸೆದು ಬಾಯಿಯೇ ತೆರೆಯದಂತಾಗಬಹುದು, ಗಲ್ಲ ಬೆಳೆಯದೆ ಹಿಂದೆ ಉಳಿಯಬಹುದು. ಬೈಕ್ ಓಡಿಸುವವರು ಗಲ್ಲವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್ಟನ್ನೇ ಹಾಕಿಕೊಳ್ಳಬೇಕು; ಅರ್ಧ ಹೆಲ್ಮೆಟ್ಟಿನಿಂದ ದವಡೆಗೆ ರಕ್ಷಣೆಯಿಲ್ಲ.

ಮೂರನೆಯದು ಧನುರ್ವಾಯು. ಗದ್ದೆಯಲ್ಲಿ ಗಾಯ ಮಾಡಿಕೊಂಡವರಿಗೆ ಕೆಲವು ದಿನಗಳ ನಂತರ ದವಡೆ ಬಿಗಿದು ಬಾಯಿ ತೆರೆಯಲಾಗದಿದ್ದರೆ ಅದು ಧನುರ್ವಾಯುವಿನ ಮೊದಲ ಲಕ್ಷಣವಾಗಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಡೆಯುವಾಗ ಅಥವಾ ಮೆಟ್ಟಿಲು ಹತ್ತುವಾಗ ಬಂದು, ನಿಂತರೆ ಹೋಗುವ ದವಡೆನೋವು ಹೃದಯದ್ದಾಗಿರಬಹುದು ಎಂಬುದೂ ನೆನಪಿರಲಿ.

ಅಸ್ಥಿಪಾಠ, ಮೈಸೂರು

ಶುಶ್ರೂಷಕಿಯವರ ಎರಡನೆಯ ಮಾತಿಗೆ ರಚನೆಯ ಕಡೆಯಿಂದ ಒಂದು ಟಿಪ್ಪಣಿ: ಆ ಕುತ್ತಿಗೆ ಸಪೂರವಾಗಿರುವುದರಿಂದಲೇ ಪೆಟ್ಟಿನ ಬಲ ಅಲ್ಲಿ ಮುರಿದು ನಿಲ್ಲುತ್ತದೆ. ಅದು ಮುರಿಯದೆ ಉಳಿದು, ನಾನು ಮೊದಲು ಹೇಳಿದ ತೆಳುವಾದ ಚಾವಣಿಯನ್ನು ಕಾಂಡೈಲ್ ಭೇದಿಸಿ ಮಿದುಳಿನತ್ತ ನುಗ್ಗಿದ ಪ್ರಕರಣಗಳು ಅತ್ಯಂತ ವಿರಳ.

ಪಾಂಡವಪುರದ ಕಬ್ಬು ಬೆಳೆಗಾರ

ನಮ್ಮ ಕಡೆ ಅಡಿಕೆ, ಗುಟ್ಕಾ ಹಾಕುವವರಲ್ಲಿ ಬರಬರುತ್ತಾ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಅದೂ ಕೀಲಿನ ತೊಂದರೆಯೇ?

ಮೈಸೂರಿನ ದಂತವೈದ್ಯೆ

ಅಲ್ಲ, ಮತ್ತು ಈ ವ್ಯತ್ಯಾಸ ಬಹಳ ಮುಖ್ಯ. ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯ ರಾಸಾಯನಿಕಗಳಿಂದ ಕೆನ್ನೆಯ ಒಳಪದರದ ಅಡಿಯಲ್ಲಿ ನಾರು ಬೆಳೆದು, ಒಳಗೆ ಬೆರಳಾಡಿಸಿದರೆ ಗಟ್ಟಿಯಾದ ಪಟ್ಟಿಗಳು ತಗಲುತ್ತವೆ. ಪದರ ಬಿಳಿಚಿಕೊಳ್ಳುತ್ತದೆ, ಸ್ವಲ್ಪ ಖಾರ ತಗುಲಿದರೂ ಉರಿಯುತ್ತದೆ. ಅಲ್ಲಿ ತಡೆಯುತ್ತಿರುವುದು ಕೆನ್ನೆ. ಕೀಲು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತದೆ. ಈ ಸ್ಥಿತಿ ಮುಂದೆ ಬಾಯಿಯ ಕ್ಯಾನ್ಸರಿಗೆ ತಿರುಗಬಹುದು. ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಮೈಸೂರು ವೀಳ್ಯದೆಲೆಯ ಮೇಲೆ ನಮಗೆಲ್ಲ ಅಭಿಮಾನವಿದೆ, ಆದರೆ ಎಲೆಯೊಡನೆ ಬಾಯಿಗೆ ಹೋಗುವ ಅಡಿಕೆಯ ವಿಷಯದಲ್ಲಿ ಮೃದುವಾಗಿ ಮಾತಾಡಲು ನನ್ನಿಂದಾಗದು.

ಮನೆಯಲ್ಲಿಯೇ ನೋಡಿಕೊಳ್ಳುವ ಅಳತೆ ಹೀಗಿದೆ: ನಿಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳುಗಳನ್ನು ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂಬಲ್ಲುಗಳ ನಡುವೆ ಇಡಿ. ಮೂರೂ ಹಿಡಿಸಿದರೆ ತೆರವು ಸಾಕಷ್ಟಿದೆ. ಎರಡೇ ಹಿಡಿಸಿದರೆ ತೋರಿಸಿಕೊಳ್ಳಬೇಕು.

ಶಿಂಷಾತೀರ, ಮದ್ದೂರು

ತಂಗಿಗೆ ಮೂರು ಬೆರಳೂ ಸರಾಗವಾಗಿ ಹಿಡಿಸುತ್ತವೆ. ಹಲ್ಲುಗಳನ್ನು ಉಜ್ಜಿ ತಗ್ಗಿಸುವ ಆಲೋಚನೆಯನ್ನು ಕೈಬಿಟ್ಟಿದ್ದೇವೆ. ಉಳಿದಿರುವುದು ಒಂದೇ ಆತಂಕ: ಈಗ ದಾಟುತ್ತಿರುವ ಬಿಲ್ಲೆಯನ್ನು ಕಾಂಡೈಲ್ ಮುಂದೊಂದು ದಿನ ದಾಟಲಾಗದೆ ನಿಂತುಬಿಟ್ಟರೆ ಏನು ಮಾಡಬೇಕು?

ಮೈಸೂರಿನ ದಂತವೈದ್ಯೆ

ಹಾಗಾಗುವುದುಂಟು, ಆದರೆ ಸದ್ದಿರುವವರಲ್ಲಿ ಬಹುಪಾಲು ಜನರಿಗೆ ಆಗುವುದಿಲ್ಲ. ಆದರೆ ಗುರುತು ಸ್ಪಷ್ಟವಾಗಿರುತ್ತದೆ: ಇದ್ದ ಸದ್ದು ಇದ್ದಕ್ಕಿದ್ದಂತೆ ನಿಂತುಹೋಗಿ, ಬಾಯಿ 25ರಿಂದ 30 ಮಿಲಿಮೀಟರಿನಷ್ಟೇ ತೆರೆದು, ಗಲ್ಲ ಬಲಕ್ಕೆ ವಾಲಿದ್ದು ಮತ್ತೆ ನಡುವಿಗೆ ಬರುವುದಿಲ್ಲ. ಅಂತಹ ಸಂದರ್ಭದಲ್ಲಿ ತಡಮಾಡದೆ ಬಾಯಿ ಮತ್ತು ದವಡೆಯ ಶಸ್ತ್ರವೈದ್ಯರನ್ನು ಕಾಣಬೇಕು. ಬಿಲ್ಲೆಯನ್ನು ನೋಡಲು ಎಂ.ಆರ್.ಐ. ಬೇಕು, ಸಾಮಾನ್ಯ ಒ.ಪಿ.ಜಿ. ಎಕ್ಸ್-ರೇಯಲ್ಲಿ ಮೂಳೆ ಮಾತ್ರ ಕಾಣುತ್ತದೆ. ಬಿಸಿ ಶಾಖ, ನೋವಿನ ಮಾತ್ರೆ, ವ್ಯಾಯಾಮ, ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಸ್ಪ್ಲಿಂಟ್ ಎಂಬ ಕವಚ ಇವುಗಳಿಂದ ಬಹಳ ಜನ ಸುಧಾರಿಸುತ್ತಾರೆ. ಸುಧಾರಿಸದವರಿಗೆ ಮೇಲಿನ ಕೋಣೆಗೆ ಸೂಜಿ ಹಾಕಿ ದ್ರವದಿಂದ ತೊಳೆಯುವ ಆರ್ಥ್ರೋಸೆಂಟೆಸಿಸ್ ಇದೆ. 1991ರಲ್ಲಿ ಇದರ ವಿವರ ಪ್ರಕಟವಾದ ಮೇಲೆ ಎಷ್ಟೋ ತೆರೆದ ಶಸ್ತ್ರಚಿಕಿತ್ಸೆಗಳು ತಪ್ಪಿವೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಬಿಲ್ಲೆಯನ್ನು ತೆಗೆದು ಟೆಫ್ಲಾನ್ ಸೇರಿದ ಕೃತಕ ಬಿಲ್ಲೆಯನ್ನು ಹಾಕುತ್ತಿದ್ದರು. ಅವು ಕೀಲಿನೊಳಗೆ ಪುಡಿಯಾಗಿ ಸುತ್ತಲಿನ ಮೂಳೆಯನ್ನೇ ಕರಗಿಸಿದ್ದರಿಂದ ಅವುಗಳನ್ನು ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಬೇಕಾಯಿತು. ಬಿಲ್ಲೆ ಸರಿದಿದೆಯೆಂದ ಕೂಡಲೇ ಕತ್ತರಿ ಹಿಡಿಯಬಾರದೆಂಬ ಎಚ್ಚರ ನಮ್ಮ ವೃತ್ತಿಗೆ ಬಂದದ್ದರಲ್ಲಿ ಆ ರೋಗಿಗಳು ಪಟ್ಟ ಪಾಡಿನ ಪಾಲು ದೊಡ್ಡದು.

ಶಿಂಷಾತೀರ, ಮದ್ದೂರು

ಬಿಲ್ಲೆ ಮತ್ತೆ ತನ್ನ ಜಾಗಕ್ಕೆ ಬರದಿದ್ದರೂ ಜನ ಸುಧಾರಿಸುತ್ತಾರೆಯೇ? ಬಿಲ್ಲೆಯಿಲ್ಲದ ಜಾಗದಲ್ಲಿ ಮೂಳೆಗೆ ಮೂಳೆ ಉಜ್ಜುವುದಿಲ್ಲವೇ?

ಅಸ್ಥಿಪಾಠ, ಮೈಸೂರು

ಸುಧಾರಿಸುತ್ತಾರೆ. ಬಿಲ್ಲೆ ಮುಂದಕ್ಕೆ ಸರಿದಾಗ ಅದರ ಹಿಂದಿನ ಮೆತ್ತನೆಯ ಅಂಗಾಂಶ ಎಳೆಯಲ್ಪಟ್ಟು ಕಾಂಡೈಲಿನ ಮೇಲೆ ಬರುತ್ತದೆ. ಆರಂಭದಲ್ಲಿ ಅಲ್ಲಿ ನರಗಳೂ ರಕ್ತನಾಳಗಳೂ ಇರುವುದರಿಂದ ಅಗಿದಾಗಲೆಲ್ಲ ನೋಯುತ್ತದೆ. ಒತ್ತಡ ಮಿತವಾಗಿದ್ದರೆ, ತಿಂಗಳುಗಳು ಕಳೆದಂತೆ, ಅನೇಕರಲ್ಲಿ ಆ ಅಂಗಾಂಶದ ರಕ್ತನಾಳಗಳು ಕಡಿಮೆಯಾಗಿ ನಾರು ಹೆಚ್ಚುತ್ತದೆ, ಮತ್ತು ಅದು ಬಿಲ್ಲೆಯ ಕೆಲಸವನ್ನು ಸಾಕಷ್ಟು ಮಟ್ಟಿಗೆ ಮಾಡತೊಡಗುತ್ತದೆ. ಮೂಳೆಯ ಮೇಲಿನ ನಾರಿನ ಹೊದಿಕೆಯನ್ನು ನೆನಪಿನಲ್ಲಿಡಿ ಎಂದಿದ್ದೆನಲ್ಲ; ಅದೂ ಹೊಸ ಒತ್ತಡಕ್ಕೆ ತಕ್ಕಂತೆ ತನ್ನ ಆಕಾರವನ್ನು ಬದಲಿಸಿಕೊಳ್ಳುತ್ತದೆ, ಕಾಂಡೈಲಿನ ತಲೆ ಕೊಂಚ ಚಪ್ಪಟೆಯಾಗುತ್ತದೆ. ಮತ್ತೆ ಎಂ.ಆರ್.ಐ. ಮಾಡಿಸಿದರೆ ಬಿಲ್ಲೆ ಹಿಂದಿನಂತೆಯೇ ಮುಂದಕ್ಕೆ ಸರಿದಿರುತ್ತದೆ, ರೋಗಿ ಮಾತ್ರ ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆದು ನೋವಿಲ್ಲದೆ ಊಟ ಮಾಡುತ್ತಿರುತ್ತಾರೆ.